ಅಪ್ಪನ ಗಾಡಿಯ ಜೀರ್ಣೋದ್ಧಾರ

"ಈ ಗಾಡೀನ ನಾನೇ ಸರಿ ಮಾಡ್ತೀನಿ. ನನ್ನ ಕೈಯಾರೆ, ನಮ್ಮ ಶೆಡ್ಡಲ್ಲೇ. ಇನ್ನೊಬ್ಬರು ಇದರ ಒಂದು ಬೋಲ್ಟನ್ನೂ ಮುಟ್ಟೋ ಹಾಗಿಲ್ಲ!"

ಏಪ್ರಿಲ್ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಹೊಟ್ಟೆ ಬಿರಿಯುವಷ್ಟು ಕುರಿಮಾಂಸ ತಿಂದು, ಫೋರ್ಕನ್ನು ಗದೆಯಂತೆ ಎತ್ತಿ ಹಿಡಿದು ನಾನು ಮಾಡಿದ ಪ್ರತಿಜ್ಞೆ ಇದು. ಕೇಳಿಸಿಕೊಂಡವರು ಇಬ್ಬರು. ಒಬ್ಬಳು ನನ್ನ ಹೆಂಡತಿ ಗ್ಲೆನಿಸ್, ಇನ್ನೊಬ್ಬ ಅವಳ ತಮ್ಮ ಕೆಲ್ವಿನ್. ಗ್ಲೆನಿಸ್ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಾ, ನನ್ನ ಕಡೆ ನೋಡದೆಯೇ, "ಫೋರ್ಕ್ ಕೆಳಗಿಡು ಲಿಂಡ್ಸೆ, ಗ್ರೇವಿ ಸೋರ್ತಾ ಇದೆ" ಎಂದಳು. ಮಹತ್ಕಾರ್ಯಗಳೆಲ್ಲ ಶುರುವಾಗುವುದು ಇಂಥ ಅವಮಾನದಿಂದಲೇ ಎಂದು ನಾನು ಸಮಾಧಾನ ಮಾಡಿಕೊಂಡೆ.

ಗಾಡಿ ನನ್ನ ಅಪ್ಪನದು. ಈಗಿನವರು ಎಸ್‌ಯುವಿ ಎನ್ನುತ್ತಾರೆ, ಅಪ್ಪ ಬರೀ 'ವ್ಯಾಗನ್' ಎನ್ನುತ್ತಿದ್ದ. ಬಿಳಿ ಬಣ್ಣದ್ದು, ಮಂಚದಷ್ಟು ಅಗಲದ ಬಾನೆಟ್ಟಿನದು. ದಕ್ಷಿಣ ಆಸ್ಟ್ರೇಲಿಯಾದ ನಮ್ಮ ವಾಂಗೂಲದ ಸುತ್ತ ಗೋಧಿ ಬೆಳೆಯುವವರೆಲ್ಲ ಆ ಕಾಲದಲ್ಲಿ ಕೊಂಡದ್ದು ಅದೇ ಕಂಪನಿಯ ಅದೇ ಬಿಳಿ ಗಾಡಿಯನ್ನು. ಬೇರೆ ಬಣ್ಣ ಕೇಳಿದವನನ್ನು ಊರು ಸ್ವಲ್ಪ ಅನುಮಾನದಿಂದ ನೋಡುತ್ತಿತ್ತು. ಅಪ್ಪ ಅದನ್ನು ಆರೂವರೆ ಲಕ್ಷ ಕಿಲೋಮೀಟರ್ ಓಡಿಸಿದ. ಕುರಿ ಸಾಗಿಸಿದ, ಬೀಜ ಸಾಗಿಸಿದ, ನನ್ನನ್ನು ಮದುವೆಗೆ ಸಾಗಿಸಿದ. ಆದರೆ ಒಂದು ಜಾಗಕ್ಕೆ ಮಾತ್ರ ಹೋಗಲಿಲ್ಲ. "ಈ ಸೆಪ್ಟೆಂಬರಲ್ಲಿ ಫ್ಲಿಂಡರ್ಸ್ ಬೆಟ್ಟಕ್ಕೆ ಹೋಗಿ ಹೂವು ನೋಡ್ಕೊಂಡು ಬರೋಣ" ಎಂದು ಪ್ರತಿವರ್ಷ ಹೇಳುತ್ತಿದ್ದ. ಪ್ರತಿ ಸೆಪ್ಟೆಂಬರಿನಲ್ಲೂ ಕುರಿಯ ಉಣ್ಣೆಯೋ, ನೀರಿನ ಪಂಪೋ, ಯಾರೋ ನೆಂಟರೋ ಅಡ್ಡ ಬರುತ್ತಿದ್ದರು. ಬೆಟ್ಟ ಅಲ್ಲೇ ಇತ್ತು, ಅಪ್ಪನೇ ಹೊರಟುಹೋದ.

ಆಮೇಲೆ ಗಾಡಿಯನ್ನು ಮಾರಲು ನನಗೆ ಮನಸ್ಸಿರಲಿಲ್ಲ, ಓಡಿಸಲು ಯೋಗ್ಯತೆ ಇರಲಿಲ್ಲ. ಶೆಡ್ಡಿನ ಹಿಂದೆ ನಿಲ್ಲಿಸಿದೆ. ಬೇಲಿಯ ಗಿಡ ಕಿಟಕಿಯೊಳಗೆ ತಲೆ ಹಾಕಿತು. ಹಿಂದಿನ ಸೀಟಿನಲ್ಲಿ ಗ್ಲೆನಿಸಳ ಕೋಳಿಗಳು ಸಂಸಾರ ಹೂಡಿದವು, ಡ್ರೈವರ್ ಸೀಟಿನಲ್ಲಿ ಹುಂಜ. ದೂರದಿಂದ ನೋಡಿದರೆ ಅವನು ಹೆಂಡಿರನ್ನೆಲ್ಲ ಕೂರಿಸಿಕೊಂಡು ಎಲ್ಲಿಗೋ ಹೊರಟಂತೆ ಕಾಣುತ್ತಿತ್ತು.

ಕೆಲ್ವಿನ್ ಗೋಧಿ ಬೆಳೆಯುವವನು. ಅವನ ಶೆಡ್ಡಿನಲ್ಲಿ ಗಾಡಿಯನ್ನು ಮೇಲೆತ್ತುವ ಯಂತ್ರವೂ ಇದೆ, ಅವನ ಕೈಯಲ್ಲಿ ಗುಣವೂ ಇದೆ. ನನ್ನ ಹತ್ತಿರ ಬಿಟ್ಟುಹೋಗು, ನೋಡುತ್ತೇನೆ ಎಂದ. ನಾನು ನಕ್ಕುಬಿಟ್ಟೆ. ಮೂವತ್ತು ವರ್ಷ ಈ ಊರಿನ ಅಂಚೆ ಕಚೇರಿಯಲ್ಲಿ ಪೋಸ್ಟ್‌ಮಾಸ್ಟರಾಗಿ ಠಸ್ಸೆ ಒತ್ತಿದ ಕೈ ನನ್ನದು. ಸಾವಿರಾರು ಕಾಗದಗಳನ್ನು ಸರಿಯಾದ ಬಾಗಿಲಿಗೆ ತಲುಪಿಸಿದವನಿಗೆ ನಾಲ್ಕು ಬೋಲ್ಟನ್ನು ಸರಿಯಾದ ತೂತಿಗೆ ತಲುಪಿಸುವುದು ಯಾವ ಮಹಾ ವಿದ್ಯೆ?

ಗ್ಲೆನಿಸ್ ಒರೆಸುವ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ನನ್ನ ಎದುರು ನಿಂತಳು.

"ಸರಿ, ಒಂದು ಕರಾರು. ಆಗಸ್ಟಲ್ಲಿ ನಮ್ಮೂರಿನ ಈ ವರ್ಷದ ಕೊನೇ ಫುಟ್‌ಬಾಲ್ ಆಟ ಇದೆಯಲ್ಲ, ಅದಕ್ಕೆ ನನ್ನನ್ನ ಇದ್ರಲ್ಲೇ ಕರ್ಕೊಂಡು ಹೋಗಿ, ಇದ್ರಲ್ಲೇ ವಾಪಸ್ ಕರ್ಕೊಂಡು ಬರಬೇಕು. ಯಾರ ಕೈಲೂ ಹಗ್ಗ ಕಟ್ಟಿ ಎಳೆಸೋ ಹಾಗಿಲ್ಲ. ಬಂದ್ರೆ ಗಾಡಿ ಮನೇಲಿರುತ್ತೆ. ಸೆಪ್ಟೆಂಬರಲ್ಲಿ ಮಾವ ಹೇಳ್ತಿದ್ದ ಬೆಟ್ಟಕ್ಕೆ ಇದ್ರಲ್ಲೇ ಹೋಗೋಣ. ಬರದೇ ಇದ್ರೆ ಸೋಮವಾರ ಬೆಳಿಗ್ಗೆ ಗುಜರಿಗೆ."

"ಒಪ್ಪಿಗೆ" ಎಂದೆ. ಕೆಲ್ವಿನ್ ನನ್ನನ್ನೊಮ್ಮೆ, ಕಿಟಕಿಯಾಚೆಯ ಹುಂಜನನ್ನೊಮ್ಮೆ ನೋಡಿದ. ಅವನ ನಂಬಿಕೆ ಹುಂಜನ ಮೇಲೇ ಹೆಚ್ಚಿದ್ದಂತಿತ್ತು.

ಹೀಗೆ ಜೀರ್ಣೋದ್ಧಾರ ಆರಂಭವಾಯಿತು. ಮೊದಲನೆಯ ಕೆಲಸ ಕೋಳಿಗಳನ್ನು ಒಕ್ಕಲೆಬ್ಬಿಸುವುದು. ಅವು ಮೊಟ್ಟೆ ಇಡುವುದನ್ನು ನಿಲ್ಲಿಸಿ ಮುಷ್ಕರ ಹೂಡಿದವು. ಎರಡನೆಯದು ನೆಲದ ಕಾರ್ಪೆಟ್ಟು. ವರ್ಷಗಳ ಕೋಳಿ ಹಿಕ್ಕೆ ಅದರಲ್ಲಿ ಸಿಮೆಂಟಿನಂತೆ ಕೂತಿತ್ತು. ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದೆ. ತೊಟ್ಟಿಗೆ ಏನಾಯಿತೆಂದು ನಾನು ಇಲ್ಲಿ ಬರೆಯುವುದಿಲ್ಲ, ಗ್ಲೆನಿಸ್ ಇದನ್ನು ಓದುವವಳಿದ್ದಾಳೆ. ನೆನೆದ ಕಾರ್ಪೆಟ್ಟನ್ನು ಹಿತ್ತಲಿನ ತಿರುಗುವ ಬಟ್ಟೆಹಗ್ಗದ ಕಂಬಕ್ಕೆ ನೇತುಹಾಕಿದೆ. ಬೆಳಗಾಗುವುದರೊಳಗೆ ಕಂಬ ಸೊಂಟ ಬಗ್ಗಿಸಿ ನೆಲಕ್ಕೆ ನಮಸ್ಕಾರ ಮಾಡುತ್ತಿತ್ತು. ಕಾರ್ಪೆಟ್ಟು ಮಾತ್ರ ಒಣಗುವಾಗ ಕುಗ್ಗಿ ಬಾಗಿಲಿಗೆ ಹಾಸುವ ಕಾಲೊರಸಿನಷ್ಟಾಯಿತು. ಸೋಲೊಪ್ಪಿಕೊಳ್ಳುವವನೇ ನಾನು? ಅಡುಗೆಮನೆಯಿಂದ ಹಿಂದೊಮ್ಮೆ ಕಿತ್ತಿಟ್ಟಿದ್ದ ಹಳದಿ ಹೂವಿನ ಪ್ಲಾಸ್ಟಿಕ್ ಹಾಸು ಶೆಡ್ಡಿನಲ್ಲಿತ್ತು. ಅದನ್ನೇ ಕತ್ತರಿಸಿ ಗಾಡಿಯ ನೆಲಕ್ಕೆ ಅಂಟಿಸಿದೆ. ಒಳಗೆ ಕೂತರೆ ಯಾರೋ ಚಹಾ ತರುತ್ತಾರೆ ಎನ್ನಿಸುವಂತಿತ್ತು.

ಗಾಡಿಯೊಳಗಿನ ಫ್ಯಾನು ತಿರುಗುವುದೇ ಎಂದು ಪರೀಕ್ಷಿಸಿದ ದಿನ ಗ್ಲೆನಿಸ್ ಚರ್ಚಿಗೆಂದು ನೀಲಿ ಉಡುಪು ಹಾಕಿಕೊಂಡು ಹೊರಟಿದ್ದಳು. "ಬಾ, ಒಂದೇ ನಿಮಿಷ, ಗಾಳಿ ನೋಡು" ಎಂದು ಕರೆದು ಕೂರಿಸಿ ಗುಂಡಿ ತಿರುಗಿಸಿದೆ. ಗಾಳಿ ಬಂತು. ಗಾಳಿಯ ಜೊತೆ ಮೂರು ತಲೆಮಾರಿನ ಇಲಿಗಳು ಕಟ್ಟಿದ ಗೂಡು, ಹೊಟ್ಟು, ಗರಿ, ಚೂರುಚೂರಾದ ಅಪ್ಪನ ಹಳೆಯ ಭೂಪಟ ಎಲ್ಲವೂ ಬಂದವು. ಅವಳು ಅಲುಗಾಡದೆ ಕೂತಿದ್ದಳು. ಕಡೆಗೆ ತಲೆಗೂದಲಿನಿಂದ ಒಂದು ಗರಿ ತೆಗೆದು ನನ್ನ ಕೈಯಲ್ಲಿಟ್ಟು, ಬಟ್ಟೆ ಬದಲಿಸಲು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎಂಜಿನ್ನಿನ ವಿಷಯಕ್ಕೆ ಬರೋಣ. ನಮ್ಮೂರಿನಲ್ಲಿ ಬಾನೆಟ್ ತೆರೆದರೆ ಸಾಕು, ಬೆಲ್ಲಕ್ಕೆ ಇರುವೆ ಮುತ್ತಿದಂತೆ ಗಂಡಸರು ಮುತ್ತುತ್ತಾರೆ. ಎಲ್ಲಿಂದ ಬರುತ್ತಾರೋ ದೇವರಿಗೇ ಗೊತ್ತು. ಕೈಯಲ್ಲೊಂದು ಬಿಯರ್, ಇನ್ನೊಂದು ಕೈ ಸೊಂಟದ ಮೇಲೆ, ಬಗ್ಗಿ ನೋಡಿ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಳ್ಳುತ್ತಾರೆ. ಒಬ್ಬ ಡೀಸೆಲ್ ಪಂಪು ಹೋಗಿದೆ ಎಂದ. ಇನ್ನೊಬ್ಬ ರೇಡಿಯೇಟರ್ ಎಂದ. ಮೂರನೆಯವನು ತುಂಬ ಹೊತ್ತು ನೋಡಿ, ತನ್ನ ಚಿಕ್ಕಪ್ಪನೂ ಹೀಗೇ ಕೆಮ್ಮುತ್ತಿದ್ದ, ಈಸ್ಟರ್ ದಾಟಲಿಲ್ಲ ಎಂದ. ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಎಲ್ಲರ ಮಾತನ್ನೂ ಕೇಳಿ ಎಲ್ಲವನ್ನೂ ಬಿಚ್ಚಿದೆ. ಬಿಚ್ಚಿದ್ದನ್ನೆಲ್ಲ ತಿರುಗಿ ಜೋಡಿಸಿದೆ. ಜೋಡಿಸಿದಾಗ ಮೊದಲಿಗಿಂತ ಜಾಗ ಕಡಿಮೆಯಾದದ್ದು ಹೇಗೆ ಎಂಬುದು ನನಗೆ ಇಂದಿಗೂ ತಿಳಿದಿಲ್ಲ. ಒಂದು ಪೈಪು ಎಲ್ಲಿಗೂ ಸೇರದೆ ಕೈಚಾಚಿಕೊಂಡು ನಿಂತಿತ್ತು. ಅದನ್ನು ಪಕ್ಕದ ಪೈಪಿಗೇ ಕಟ್ಟಿ, ಇಬ್ಬರೂ ಹೊಂದಿಕೊಂಡಿರಿ ಎಂದೆ.

ಆಗಸ್ಟ್ ಬಂತು. ಆಟದ ಶನಿವಾರವೂ ಬಂತು. ಅಂದು ಕ್ಯಾಂಟೀನಿನ ಸರದಿ ಗ್ಲೆನಿಸಳದ್ದು. ಮಡಿಲಲ್ಲಿ ಕೇಕಿನ ಡಬ್ಬಿ ಇಟ್ಟುಕೊಂಡು, ಹಳದಿ ಹೂವುಗಳ ಮೇಲೆ ಕಾಲೂರಿ ಗಂಭೀರವಾಗಿ ಕೂತಳು. ನಾನು ಕೀಲಿಕೈ ತಿರುಗಿಸಿದೆ. ಗಾಡಿ ಒಮ್ಮೆ ಆಕಳಿಸಿತು, ಎರಡು ಸಲ ಸೀನಿತು, ಆಮೇಲೆ ಶೆಡ್ಡು, ಹಿತ್ತಲು, ಪಕ್ಕದ ಮನೆಯ ಒಣಹಾಕಿದ ಬಟ್ಟೆ ಎಲ್ಲವನ್ನೂ ಕಪ್ಪು ಹೊಗೆಯಲ್ಲಿ ಮುಳುಗಿಸಿ ಎದ್ದುನಿಂತಿತು. ಹೊರಟೆವು! ಸದ್ದಿಗೆ ಧಾನ್ಯದ ಗೋಪುರದ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು. ದಾರಿಯುದ್ದಕ್ಕೂ ಗ್ಲೆನಿಸ್ ಏನೋ ಹೇಳುತ್ತಿದ್ದಳು, ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಮೈದಾನದ ಸುತ್ತ ಬೇಲಿಗೆ ಮೂತಿ ಹಚ್ಚಿ ಗಾಡಿಗಳನ್ನು ನಿಲ್ಲಿಸುವುದು ನಮ್ಮ ರೂಢಿ. ಗಾಡಿಯೊಳಗೆ ಕೂತೇ ಆಟ ನೋಡುತ್ತೇವೆ. ನಮ್ಮವರು ಗೋಲು ಹೊಡೆದರೆ ಪಟ್ಟಣದವರಂತೆ ಚಪ್ಪಾಳೆ ತಟ್ಟುವುದಿಲ್ಲ, ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತುತ್ತೇವೆ. ಅಪ್ಪ ನಿಲ್ಲಿಸುತ್ತಿದ್ದ ಜಾಗದಲ್ಲೇ, ನಡುಗೆರೆಯ ಎದುರಿಗೇ ನಾನೂ ನಿಲ್ಲಿಸಿದೆ. ಎದೆ ಉಬ್ಬಿ ಬಂತು. ನಮ್ಮವರು ಮೊದಲ ಗೋಲು ಹೊಡೆದರು. ಒತ್ತಿದೆ ಹಾರ್ನು!

ಎಲ್ಲರ ಹಾರ್ನೂ ನಿಂತಿತು. ನನ್ನದು ನಿಲ್ಲಲಿಲ್ಲ.

ಗುದ್ದಿದೆ, ಎಳೆದೆ, ಮುದ್ದು ಮಾಡಿದೆ. ಅದು ಕರು ಕಳೆದುಕೊಂಡ ಹಸುವಿನಂತೆ ಒಂದೇ ಸಮನೆ ಕೂಗುತ್ತಲೇ ಇತ್ತು. ಅಷ್ಟರಲ್ಲಿ ಎದುರಾಳಿಯ ಹುಡುಗನೊಬ್ಬ ಗೋಲಿಗೆ ಗುರಿಯಿಟ್ಟು ಚೆಂಡು ಒದೆಯಲು ನಿಂತ. ನನ್ನ ಹಾರ್ನಿಗೆ ಅವನ ಕಾಲು ಎಲ್ಲಿಗೋ ಹೋಯಿತು, ಚೆಂಡು ಇನ್ನೆಲ್ಲಿಗೋ ಹೋಯಿತು. ನಮ್ಮ ಕಡೆ ಅಂಪೈರ್ ಎನ್ನುವ ರೆಫರಿ ಆಟ ನಿಲ್ಲಿಸಿ ಇಡೀ ಮೈದಾನ ದಾಟಿ ನನ್ನ ಕಿಟಕಿಗೆ ಬಂದ. ಅವನು ಏನು ಹೇಳಿದನೆಂದು ಹಾರ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ತುಟಿ ಓದಲು ಬರುವ ಹೆಂಗಸರು ಮುಖ ತಿರುಗಿಸಿಕೊಂಡರು. ಆಗ ಕೆಲ್ವಿನ್ ನಿಧಾನವಾಗಿ ನಡೆದುಬಂದ. ಒಂದು ಕೈಯಲ್ಲಿ ಮಾಂಸದ ಪೈ ತಿನ್ನುತ್ತಲೇ ಇನ್ನೊಂದು ಕೈಯಲ್ಲಿ ಬಾನೆಟ್ ಎತ್ತಿ, ಒಂದು ವೈರನ್ನು ಕಿತ್ತ. ನಿಶ್ಶಬ್ದ. ಊರೆಲ್ಲ ನನ್ನ ಕಡೆ ನೋಡುತ್ತಿತ್ತು. ನೀನೇ ಏನಾದರೂ ಮಾಡು ಮಾರಾಯ ಎಂದು ಅವನಿಗೆ ಹೇಳಿ, ನಾನು ಕ್ಲಬ್ಬಿನ ಹಿಂಬದಿಯ ಬಿಯರ್ ಕಟ್ಟೆಯ ಮರೆಗೆ ಓಡಿದೆ. ಆಟ ಮುಗಿದು ಕತ್ತಲು ಕವಿಯುವವರೆಗೆ ಹೊರಗೆ ತಲೆ ಹಾಕಲಿಲ್ಲ.

ಮಬ್ಬು ಬೆಳಕಿನಲ್ಲಿ ಬಂದು ನೋಡಿದರೆ ಬಿಳಿ ಗಾಡಿ ನಡುಗೆರೆಯ ಎದುರಿಗೆ ತನ್ನ ಜಾಗದಲ್ಲೇ ನಿಂತಿತ್ತು. ಕೀಲಿಕೈ ಅದರಲ್ಲೇ ನೇತಾಡುತ್ತಿತ್ತು. ನಮ್ಮೂರಲ್ಲಿ ಕೀಲಿಕೈ ಗಾಡಿಯಲ್ಲೇ ಬಿಡಬೇಕು. ಜೇಬಿಗೆ ಹಾಕಿಕೊಂಡು ಹೋದರೆ ನಮ್ಮನ್ನೆಲ್ಲ ಕಳ್ಳರೆಂದುಕೊಂಡಿದ್ದಾನೆ ಎನ್ನುತ್ತಾರೆ. ಹತ್ತಿ ಕೂತೆ. ದೇವರನ್ನು ನೆನೆದು ತಿರುಗಿಸಿದೆ. ಏನೆಂದು ಹೇಳಲಿ! ಒಂದೇ ಸಲಕ್ಕೆ, ತೊಡೆಯ ಮೇಲೆ ಮಲಗಿದ ಬೆಕ್ಕಿನಂತೆ ಗುರುಗುಟ್ಟಿತು. ಹೊಗೆಯಿಲ್ಲ, ಸೀನಿಲ್ಲ. ನಾಲ್ಕು ತಿಂಗಳ ನನ್ನ ಚಿಕಿತ್ಸೆ ಎಂಜಿನ್ನಿಗೆ ಈಗ ನಾಟಿದೆ ಎಂದು ನನಗೆ ಹೊಳೆಯಿತು.

ಗ್ಲೆನಿಸ್ ಖಾಲಿ ಡಬ್ಬಿ ಹಿಡಿದು ಬಂದು ಕೂತಳು. ಕಾಲ ಬುಡ ನೋಡಿದಳು. ನನ್ನ ಮುಖ ನೋಡಿದಳು.

"ಏನಾದ್ರೂ ಕೇಳಿಸ್ತಾ ಇದೆಯಾ?" ಎಂದೆ.

"ಏನೂ ಕೇಳಿಸ್ತಿಲ್ಲ."

"ಅದೇ ನಾನ್ ಹೇಳೋದು! ಏನೂ ಕೇಳಿಸ್ತಿಲ್ಲ!"

ಅಪ್ಪ ಇದ್ದಿದ್ದರೆ ಎಂದು ಅರ್ಧಕ್ಕೇ ನಿಲ್ಲಿಸಿ, ತೋಳಿನಿಂದ ಕಣ್ಣೊರೆಸಿಕೊಂಡೆ. ಅವಳು ಕಿಟಕಿಯಾಚೆ ಕತ್ತಲಲ್ಲಿ ಯಾರನ್ನೋ ನೋಡುತ್ತಾ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಪಾಪ, ಅವಳಿಗೂ ಅಳು ಬಂದಿದೆ ಎಂದುಕೊಂಡೆ.

ಮನೆ ತಲುಪಿದೆವು. ಗೇಟಿನ ಹತ್ತಿರ ಮರೆತು ಹಾರ್ನ್ ಒತ್ತಿದೆ, ಸ್ಪಷ್ಟವಾಗಿ ಒಮ್ಮೆ ಕೂಗಿ ಮರ್ಯಾದೆಯಿಂದ ಸುಮ್ಮನಾಯಿತು. ಮಾರನೆಯ ಬೆಳಿಗ್ಗೆ ಬಾಗಿಲು ತೆರೆದರೆ ಹಳದಿ ಹೂವಿನ ಹಾಸು ಇಲ್ಲ, ಬೂದು ಬಣ್ಣದ ಒಳ್ಳೆಯ ಮ್ಯಾಟು! ಗ್ಲೆನಿಸಳನ್ನು ಕೇಳಿದೆ. ಆಟದ ನಡುವೆ ಕೆಲ್ವಿನ್ ಕೈಯಲ್ಲಿ ತಾನೇ ಹಾಕಿಸಿದ್ದು, ನನ್ನ ಗಾಡಿಗೆ ತನ್ನ ಉಡುಗೊರೆ ಎಂದಳು. ಕೋಳಿಯ ವಾಸನೆ ಎಲ್ಲಿ ಹೋಯಿತು ಎಂದೆ. ಲ್ಯಾವೆಂಡರ್ ಇಟ್ಟಿದ್ದೇನೆ ಎಂದಳು. ನಿಂತೇ ಹೋಗಿದ್ದ ಕಿಲೋಮೀಟರ್ ಮೀಟರು ಈಗ ಓಡುತ್ತಿತ್ತು. ಆದರೆ ಆರೂವರೆ ಲಕ್ಷದ ಬದಲು ಮೂರು ಲಕ್ಷ ಚಿಲ್ಲರೆ ತೋರಿಸುತ್ತಿತ್ತು. ಇದಕ್ಕೆ ಗ್ಲೆನಿಸ್ ಉತ್ತರ ಹುಡುಕುವ ಮೊದಲು ನಾನೇ ಹುಡುಕಿಕೊಟ್ಟೆ. ನನ್ನ ಆರೈಕೆಯಿಂದ ಗಾಡಿಗೆ ಹರೆಯ ಮರಳಿದೆ, ಮೀಟರು ಅದನ್ನು ಪ್ರಾಮಾಣಿಕವಾಗಿ ದಾಖಲಿಸಿದೆ!

ನಂಬರ್ ಪ್ಲೇಟು ನೋಡಲಿಲ್ಲವೇ ಎಂದು ನೀವು ಕೇಳುತ್ತೀರಿ. ನಿಮ್ಮ ಮನೆ ಬಾಗಿಲಿನ ನಂಬರನ್ನು ನೀವು ಕೊನೆಯ ಸಲ ಓದಿದ್ದು ಯಾವಾಗ, ಹೇಳಿ ನೋಡೋಣ.

ಕರಾರಿನಲ್ಲಿ ನಾನು ಗೆದ್ದಿದ್ದೆ. ಗ್ಲೆನಿಸ್ ಮಾತಿಗೆ ತಪ್ಪುವವಳಲ್ಲ, ಪೆಟ್ಟಿಗೆ ಕಟ್ಟಲು ಶುರುಮಾಡಿದಳು. ನಾನು ಪ್ರಯಾಣಕ್ಕೆ ಗಾಡಿಯನ್ನು ಅಣಿಗೊಳಿಸಿದೆ. ಹಿಂದಿನ ಸೀಟು ಕಿತ್ತುಹಾಕಿ, ಪಾತ್ರೆಪಗಡಿ ಇಡಲು ಮರದ ಪೆಟ್ಟಿಗೆ ಮಾಡಿ, ನೆಲಕ್ಕೆ ನಾಲ್ಕು ತೂತು ಕೊರೆದು ಬಿಗಿದೆ. ಅಪ್ಪನ ಹಳೆಯ ಹಿತ್ತಾಳೆಯ ದಿಕ್ಸೂಚಿಯೊಂದು ಮನೆಯಲ್ಲಿತ್ತು. ಅದನ್ನು ಡ್ಯಾಶ್‌ಬೋರ್ಡಿನ ನಟ್ಟನಡುವೆ ಸ್ಕ್ರೂ ಹಾಕಿ ಕೂರಿಸಲು ಹೊರಟಾಗ ಗ್ಲೆನಿಸ್ ಓಡಿಬಂದಳು.

"ಗೋಂದು ಹಾಕಿ ಅಂಟಿಸಿದ್ರೆ ಸಾಕಲ್ವಾ?"

"ಅಪ್ಪನ ದಿಕ್ಸೂಚಿ ಅದು. ಗೋಂದಲ್ಲಿ ನಿಲ್ಲೋ ವಸ್ತುವಾ?"

ಡ್ರಿಲ್ಲು ತಿರುಗುವಷ್ಟು ಹೊತ್ತು ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮಾವನ ನೆನಪು ಅವಳನ್ನು ಇಷ್ಟು ಕಾಡುತ್ತದೆಂದು ನನಗೆ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಮೊದಲ ವಾರ ಹೊರಟೆವು. ಆ ಪ್ರಯಾಣದಷ್ಟು ಸುಖ ನಾನು ಇತ್ತೀಚೆಗೆ ಪಟ್ಟಿಲ್ಲ. ಗಾಡಿ ಏರು ಹತ್ತಿತು, ಕಲ್ಲುಹಳ್ಳ ದಾಟಿತು, ಒಂದು ಸಲವೂ ಮುನಿಸಿಕೊಳ್ಳಲಿಲ್ಲ. ಡೀಸೆಲ್ಲನ್ನಂತೂ ಔಷಧಿಯಂತೆ ಅಳತೆಯಲ್ಲಿ ಕುಡಿಯುತ್ತಿತ್ತು. ಡೇರೆ ಹಾಕಿದ ಕಡೆಯಲ್ಲೆಲ್ಲ ನಾನು ಜನರನ್ನು ಸೇರಿಸಿಕೊಂಡು, ಹಾಳುಬಿದ್ದ ಗಾಡಿಯನ್ನು ಮನೆಯಲ್ಲೇ ಹೇಗೆ ಸರಿಪಡಿಸಬೇಕೆಂದು ಪ್ರವಚನ ಮಾಡಿದೆ. ಹೊಚ್ಚಹೊಸ ಗಾಡಿ ತಂದಿದ್ದ ಎಳೆಯ ದಂಪತಿ ಮರಳಿನಲ್ಲಿ ಹೂತುಕೊಂಡಿದ್ದರು. ಅವರನ್ನು ಎಳೆದು ಹೊರಗೆ ಹಾಕಿ, ಯಂತ್ರವೆಂದರೆ ದುಡ್ಡು ಕೊಟ್ಟರೆ ಬರುವುದಲ್ಲ, ಕೈ ಮಸಿ ಮಾಡಿಕೊಂಡರೆ ಒಲಿಯುವುದು ಎಂದು ಉಪದೇಶಿಸಿದೆ. ಹುಡುಗಿ ಭಕ್ತಿಯಿಂದ ತಲೆದೂಗಿದಳು. ಗ್ಲೆನಿಸ್ ಮಾತ್ರ ಚಹಾದ ಲೋಟದೊಳಗೆ ಕೆಮ್ಮಿದಳು.

ಒಂದು ಸಂಜೆ ಬೆಟ್ಟದ ನೆತ್ತಿಯ ಮೇಲೆ ಗಾಡಿ ನಿಲ್ಲಿಸಿದೆವು. ಕೆಳಗೆ ಕಣಿವೆಯ ತುಂಬ ನೇರಳೆ ಹೂವು. ಕಲ್ಲುಬಂಡೆಗಳು ಇಳಿಬಿಸಿಲಿಗೆ ಕೆಂಪಾಗಿದ್ದವು. ನಾನು ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು, "ಅಪ್ಪಾ, ಬಂದ್ವಿ ನೋಡು" ಎಂದೆ. ಅತ್ತೆ. ನಾಚಿಕೆಯಿಲ್ಲದೆ ಅತ್ತೆ. ಗ್ಲೆನಿಸ್ ನನ್ನ ಕೈ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು, ಮತ್ತೆ ಮುಚ್ಚಿ, ಇನ್ನೊಂದು ಲೋಟ ಚಹಾ ಬಗ್ಗಿಸಿದಳು.

ಊರಿಗೆ ಮರಳಿದ ಮರುದಿನವೇ ನಾನು, ಕೆಲ್ವಿನ್ನನ ಮನೆಗೆ ಹೋಗೋಣ ನಡಿ ಎಂದೆ. ನೆಂಟನನ್ನು ನೋಡುವ ಆಸೆಯಿಂದಲ್ಲ. ನನ್ನ ಹತ್ತಿರ ಬಿಟ್ಟುಹೋಗು ಎಂದಿದ್ದನಲ್ಲ, ಅವನಿಂದ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಬೇಕಿತ್ತು. ಗ್ಲೆನಿಸ್ ಇನ್ನೊಂದು ದಿನ ಹೋಗೋಣ ಎಂದಳು. ನಾನು ಕೇಳಲಿಲ್ಲ.

ಅವನ ಶೆಡ್ಡಿನ ದೊಡ್ಡ ಬಾಗಿಲು ತೆರೆದಿತ್ತು. ಒಳಗೆ ಒಂದು ಬಿಳಿ ಗಾಡಿ, ತೊಳೆದು ಒರೆಸಿ ಫಳಫಳ ಹೊಳೆಯುತ್ತಿತ್ತು. ಇವನೂ ನನ್ನನ್ನು ನೋಡಿ ಕಲಿತಿದ್ದಾನೆ ಎಂದು ದೊಡ್ಡ ಮನಸ್ಸಿನಿಂದ ಒಳಗೆ ಬಗ್ಗಿದೆ. ನೆಲದ ತುಂಬ ಹಳದಿ ಹೂವು.

"ಇದು ಯಾರ ಗಾಡಿ?" ಎಂದೆ.

"ನಿಂದು" ಎಂದ ಕೆಲ್ವಿನ್.

"ಹಾಗಾದ್ರೆ ಹೊರಗಿರೋದು?"

"ನಂದು."

ನಾನು ಅಲ್ಲೇ ಇದ್ದ ಡಬ್ಬವೊಂದರ ಮೇಲೆ ಕುಸಿದು ಕೂತೆ. ಕೆಲ್ವಿನ್ ಮಾತಿನಲ್ಲಿ ಜಿಪುಣ. ಆದರೂ ಎಲ್ಲವನ್ನೂ ಬಿಡಿಸಿ ಹೇಳಿದ. ಅವತ್ತು ಹಾರ್ನಿನ ವೈರು ಕಿತ್ತಮೇಲೆ ಅಕ್ಕಪಕ್ಕದವರು ಡೀಸೆಲ್ ವಾಸನೆ ತಡೆಯಲಾಗುತ್ತಿಲ್ಲ ಎಂದರಂತೆ. ಅವನು ನನ್ನ ಗಾಡಿಯನ್ನು ಮರದ ಹಿಂದೆ ಒಯ್ದು ನಿಲ್ಲಿಸಿದ. ನಡುಗೆರೆಯ ಎದುರಿನ ಒಳ್ಳೆಯ ಜಾಗ ಯಾಕೆ ಹಾಳಾಗಬೇಕೆಂದು ತನ್ನದನ್ನು ತಂದು ಅಲ್ಲಿ ನಿಲ್ಲಿಸಿದ. ಸಂಜೆ ನಾನು ಅವನ ಗಾಡಿ ಹತ್ತಿ ಹೊರಡುವುದು ಕಂಡು ಕೂಗಬೇಕೆಂದಿದ್ದ. ಅಷ್ಟರಲ್ಲಿ ಕಿಟಕಿಯಲ್ಲಿ ಅಕ್ಕ ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರು ಎಂದಳು. ಸುಮ್ಮನಾಗಿ, ನನ್ನ ಗಾಡಿಯನ್ನೇ ತನ್ನ ಶೆಡ್ಡಿಗೆ ಓಡಿಸಿಕೊಂಡು ಹೋದ. ಅಕ್ಕನ ಮಾತು ಮೀರಿ ಅವನಿಗೆ ಅಭ್ಯಾಸವಿಲ್ಲ.

"ನನ್ನ ಗಾಡಿಗೆ ಏನಾಗಿತ್ತು?" ಎಂದು ಕ್ಷೀಣವಾಗಿ ಕೇಳಿದೆ.

"ಅಂಥದ್ದೇನಿಲ್ಲ. ಎಂಜಿನ್ ಕಲ್ಲಿನ ಹಾಗೆ ಗಟ್ಟಿಮುಟ್ಟಾಗಿತ್ತು. ನೀನು ಮಾಡಿದ್ದನ್ನೆಲ್ಲ ತೆಗೆದೆ ಅಷ್ಟೆ." ಅಷ್ಟು ಹೇಳಿ ಅವನು ಹೊರಗೆ ಹೋಗಿ ತನ್ನ ಗಾಡಿಯ ಒಳಗೆ ಬಗ್ಗಿದ. ನೆಲದ ನಾಲ್ಕು ತೂತು ನೋಡಿದ. ಡ್ಯಾಶ್‌ಬೋರ್ಡಿನ ದಿಕ್ಸೂಚಿ ನೋಡಿದ. ಬೆರಳಿನಿಂದ ಮೆಲ್ಲಗೆ ತಟ್ಟಿ, ಉತ್ತರ ಸರಿಯಾಗಿಯೇ ತೋರಿಸುತ್ತಿದೆ ಎಂದ. ಅವನು ಕೂಗಾಡಿದ್ದರೆ ನನಗೆ ಎಷ್ಟೋ ಉಪಕಾರವಾಗುತ್ತಿತ್ತು.

ಬೆಟ್ಟದ ಮೇಲೆ ಅಪ್ಪನನ್ನು ಕರೆದು ಹೂವು ತೋರಿಸಿದ್ದೆನಲ್ಲ, ಅದು ಕೆಲ್ವಿನ್ನನ ಡ್ಯಾಶ್‌ಬೋರ್ಡಿನ ಮೇಲೆ ಕೈಯಿಟ್ಟು! ಅಪ್ಪನ ಗಾಡಿ ಬೆಟ್ಟ ನೋಡಲೇ ಇಲ್ಲ. ಕರಾರಿನ ಪ್ರಕಾರವೂ ನಾನು ಸೋತಿದ್ದೆ. ಗಾಡಿ ಮೈದಾನದಿಂದ ಮನೆಗೆ ಬಂದೇ ಇರಲಿಲ್ಲ.

ಗ್ಲೆನಿಸಳ ಕಡೆ ತಿರುಗಿದೆ. "ನಿನಗೆ ಮೊದಲಿಂದ್ಲೂ ಗೊತ್ತಿತ್ತಾ?"

"ಕಾಲಡಿ ಹೂವಿಲ್ಲ, ಮೂಗಿಗೆ ಕೋಳಿ ಇಲ್ಲ, ಕಿವಿಗೆ ಗದ್ದಲ ಇಲ್ಲ. ಗೊತ್ತಾಗದೇ ಇರೋಕೆ ನಾನೇನು ಪೋಸ್ಟ್‌ಮಾಸ್ಟರಾ?"

"ಮತ್ತೆ ಯಾಕೆ ಹೇಳ್ಲಿಲ್ಲ?"

ಅವಳು ಅಪ್ಪನ ಗಾಡಿಯ ಬಾಗಿಲಿಗೆ ಒರಗಿ ನಿಂತಳು.

"ಹೇಳಿದ್ರೆ ಸೋಮವಾರ ಇದನ್ನ ಗುಜರಿಗೆ ಕಳಿಸ್ಬೇಕಾಗ್ತಿತ್ತು. ಮಾತು ಕೊಟ್ಟವಳು ನಾನು. ನನಗೆ ಗಾಡಿ ಓಡಿಸೋದು ಕಲಿಸಿದ್ದು ನಿಮ್ಮಪ್ಪ, ಇದ್ರಲ್ಲೇ. ಎರಡು ಸಲ ಬೇಲಿಗೆ ಗುದ್ದಿದ್ರೂ ಒಂದು ಮಾತು ಅಂದಿರ್ಲಿಲ್ಲ. ಅದನ್ನ ಹೇಗೆ ಕಳಿಸ್ಲಿ?" ಆಮೇಲೆ ದನಿ ತಗ್ಗಿಸಿ, "ಇನ್ನೊಂದು ವಿಷ್ಯ ಇದೆ ಲಿಂಡ್ಸೆ. ಕೆಲ್ವಿನ್ ಗಾಡಿ ಕೆಡ್ಲಿಲ್ಲ, ನೀನು ಅದರಡಿ ಹೋಗ್ಲಿಲ್ಲ. ಬೆಟ್ಟಕ್ಕೆ ಹೋಗಿ ಬರೋವರ್ಗೂ ನಾನು ಗಂಡನ ಮುಖ ನೋಡ್ದೆ. ಏಪ್ರಿಲಿಂದ ಬರೀ ಎರಡು ಕಾಲು ನೋಡ್ತಿದ್ದೆ" ಎಂದಳು.

ಕೆಲ್ವಿನ್ ಇದ್ದಕ್ಕಿದ್ದಂತೆ ತನಗೆ ಕುರಿಗಳ ಹತ್ತಿರ ಕೆಲಸವಿದೆ ಎಂದು ಹೊರಟುಹೋದ. ಅವನ ಕುರಿಗಳು ಬೇಲಿಯ ಆಚೆ ಯಾವ ಕೆಲಸವೂ ಇಲ್ಲದೆ ಮಲಗಿದ್ದವು.

ಅವನ ಗಾಡಿಯ ತೂತುಗಳನ್ನು ನಾನೇ ಮುಚ್ಚಿಕೊಡುತ್ತೇನೆಂದು ಕೂಗಿ ಹೇಳಿದೆ. ದೂರದಿಂದಲೇ ಕೈಯಾಡಿಸಿ, ದಯವಿಟ್ಟು ಬೇಡ ಎಂದ. ಗ್ಲೆನಿಸ್ ಅಪ್ಪನ ಗಾಡಿಯ ಬಾಗಿಲು ತೆರೆದು ಹಳದಿ ಹೂವುಗಳ ಮೇಲೆ ಕಾಲಿಟ್ಟು ಕೂತಳು. ಈಗ ಇದು ಮನೆಗೆ ಬಂದರೆ ಕರಾರು ಪೂರೈಸಿದಂತೆಯೇ, ಒಂದು ತಿಂಗಳು ತಡವಾಯಿತು ಅಷ್ಟೆ ಎಂದಳು. ಮುಂದಿನ ಸೆಪ್ಟೆಂಬರಿನಲ್ಲಿ ಇದರಲ್ಲೇ ಬೆಟ್ಟಕ್ಕೆ ಹೋಗೋಣ ಎಂದೂ ಸೇರಿಸಿದಳು. ನಾನು ಕೀಲಿಕೈ ತಿರುಗಿಸಿದೆ. ಅಪ್ಪನ ಎಂಜಿನ್ನು, ಅಪ್ಪನ ಕಾಲದ ಅದೇ ಭಾರವಾದ ನಿಧಾನದ ದನಿಯಲ್ಲಿ ಎದ್ದಿತು. ಎಷ್ಟೋ ವರ್ಷಗಳ ಮೇಲೆ ಆ ದನಿ ಕೇಳಿದೆ. ಬೆಟ್ಟದ ಮೇಲೆ ಅತ್ತದ್ದಕ್ಕಿಂತ ಇದು ಹಿತವಾಗಿತ್ತು. ಗೋಧಿ ಹೊಲಗಳ ನಡುವೆ ಮನೆಯವರೆಗೂ ನಾವಿಬ್ಬರೂ ಅದನ್ನೇ ಕೇಳುತ್ತಾ ಬಂದೆವು.

ಅಂಗಳದಲ್ಲಿ ನಿಲ್ಲಿಸಿದೆ. ಎಲ್ಲವೂ ಸರಿಯಿತ್ತು. ಆದರೂ ಇಳಿಯುವಾಗ ಎಲ್ಲೋ ಸಣ್ಣಗೆ ಟಿಕ್ ಟಿಕ್ ಎಂದು ಕೇಳಿಸಿದಂತಾಯಿತು. ಬಿಸಿಯಾದ ಎಂಜಿನ್ನು ತಣ್ಣಗಾಗುವ ಸದ್ದು, ಅದು ನನಗೂ ಗೊತ್ತು. ಆದರೂ ಒಂದು ಸಲ ನೋಡಿಬಿಡೋಣ ಎನ್ನಿಸಿತು. ಬರೀ ಮುಟ್ಟಿ ನೋಡುವುದು, ಹೆಚ್ಚೆಂದರೆ ಒಂದು ಬೋಲ್ಟು. ಮೆಲ್ಲಗೆ ಮುಂದೆ ಬಂದು ಬಾನೆಟ್ ಎತ್ತಿದೆ. ಅದು ಒಂದಂಗುಲ ಮೇಲೆದ್ದು ಠಕ್ ಎಂದು ನಿಂತಿತು. ಸಂದಿಯಲ್ಲಿ ಬಗ್ಗಿ ನೋಡಿದೆ. ಕೆಲ್ವಿನ್ ಅಚ್ಚುಕಟ್ಟಾಗಿ ಎರಡು ಕೊಂಡಿ ಹಾಕಿ, ಮುಷ್ಟಿ ಗಾತ್ರದ ಹೊಸ ಬೀಗ ಜಡಿದಿದ್ದ.

ಹಿಂದಿನಿಂದ ಗ್ಲೆನಿಸಳ ದನಿ ಕೇಳಿಸಿತು.

"ಗಾಡಿ ನಿಂದೇ, ಲಿಂಡ್ಸೆ. ಬಾನೆಟ್ ಮಾತ್ರ ನಂದು."